ಮುದ್ದುಕೃಷ್ಣನ ಫ್ರೆಂಚ್ ಕಿವುಡು

ಮುದ್ದುಕೃಷ್ಣ ಆ ಮಧ್ಯಾಹ್ನ ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದ. ಇದು ಅವನದೇ ಮಾತು. ಪಕ್ಕದ ಕುರ್ಚಿಯಲ್ಲಿದ್ದ ಜರ್ಟ್ರೂಡ್ ಮೇಡಂ ಮಾತ್ರ ಗೊರಕೆ ಕೇಳಿಸಿತು ಎನ್ನುತ್ತಾರೆ. ಗೊರಕೆಯೂ ಗಮನದ ಒಂದು ಬಗೆ ಎಂದು ವಾದಿಸುವ ಮನುಷ್ಯನ ಜೊತೆ ಯಾರು ತಾನೇ ಜಗಳಕ್ಕೆ ಹೋಗುತ್ತಾರೆ?

ಮೈಸೂರಿನ ಮುದ್ದುಕೃಷ್ಣ ಕತಾರಿನಲ್ಲಿ ಒಂದು ಫ್ರೆಂಚ್ ಕಂಪನಿಯ ಡಾಕ್ಯುಮೆಂಟ್ ಕಂಟ್ರೋಲರ್. ಹಮದ್ ಬಂದರಿನ ಪಕ್ಕ ಗೋದಾಮುಗಳನ್ನು ಕಟ್ಟಿಸುವುದು ಕಂಪನಿಯ ಕೆಲಸ; ಆ ಗೋದಾಮುಗಳ ನಕ್ಷೆಗಳು ಯಾವ ಕಪಾಟಿನಲ್ಲಿ ಮಲಗಿವೆ ಎಂದು ತಿಳಿದುಕೊಂಡಿರುವುದು ಅವನ ಕೆಲಸ. ಜರ್ಟ್ರೂಡ್ ಮೇಡಂ ಮಂಗಳೂರಿನವರು, ಎಚ್.ಆರ್. ನೋಡಿಕೊಳ್ಳುವವರು. ಆ ಸೋಮವಾರ ಊಟದ ಮೇಲೆ ಪ್ಯಾರಿಸ್ಸಿನ ಹೆಡ್ ಆಫೀಸಿನ ವಕೀಲೆಯೊಬ್ಬಳು ಪರದೆಯ ಮೇಲೆ ಮೂಡಿ, ಶಾಖೆಗಳ ನೌಕರರಿಗೆಲ್ಲ ಫ್ರಾನ್ಸಿನ ಕಾರ್ಮಿಕ ಕಾನೂನಿನ ಬಗ್ಗೆ ಉಪನ್ಯಾಸ ಕೊಟ್ಟಳು. ಹಾಜರಾತಿ ಕಡ್ಡಾಯ, ಎಚ್ಚರ ಐಚ್ಛಿಕ.

ಆಕೆಯ ದನಿಯೋ, ತೊಟ್ಟಿಲ ಹಗ್ಗ ಹಿಡಿದವರ ದನಿ. "ನಮ್ಮ ಕಾನೂನಿನ ಪ್ರಕಾರ ನೌಕರ ತನ್ನ ಕೆಲಸದ ಮೇಜಿನ ಮೇಲೆ ಊಟ ಮಾಡುವಂತಿಲ್ಲ" ಎಂದಳು ಮೊದಲಿಗೆ. ಆಗಷ್ಟೇ ಕೆಲಸದ ಮೇಜಿನ ಮೇಲೆ ಬಿಸಿಬೇಳೆ ಬಾತು ಮುಗಿಸಿದ್ದ ಮುದ್ದುಕೃಷ್ಣ ಡಬ್ಬಿಯನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದ. ನಾಚಿಕೆಯಿಂದ ಕಣ್ಣು ಮುಚ್ಚಿದ. ಬಾತಿನ ತುಪ್ಪ ತನ್ನ ಕೆಲಸ ಶುರು ಮಾಡಿತು.

ಹಾಗೆ ಮುಳುಗುತ್ತಿದ್ದವನಿಗೆ ಕೊನೆಯದಾಗಿ ಕೇಳಿಸಿದ್ದು ಇಷ್ಟು: "ಒಬ್ಬ ನೌಕರನಿಗೆ ಇಂತಿಷ್ಟು ಅವಧಿಯ ಕರಾರು ಇದೆ ಎಂದಿಟ್ಟುಕೊಳ್ಳಿ. ಅವಧಿ ಮುಗಿಯಿತು. ಆದರೂ ಅವನು ಮಾರನೆಯ ಕೆಲಸದ ದಿನ ಬಂದು ತನ್ನ ಜಾಗದಲ್ಲಿ ಕೂತ, ಎಂದಿನಂತೆ ಕೆಲಸ ಮಾಡಿದ, ಯಾರೂ ಬೇಡ ಎನ್ನಲಿಲ್ಲ. ಆ ಗಳಿಗೆಯಿಂದ ಅವನ ಕರಾರಿಗೆ ಕೊನೆಯ ದಿನ ಎಂಬುದೇ ಇಲ್ಲ."

ಮುಂದಿನದು ಕನಸು. ಒಂದು ನದಿ. ಪ್ಯಾರಿಸ್ಸಿನದೇ ನದಿ, ಆದರೆ ದಡದಲ್ಲಿ ಶ್ರೀರಂಗಪಟ್ಟಣದ ಹಾಗೆ ಕಲ್ಲಿನ ಮೆಟ್ಟಿಲು. ಮೆಟ್ಟಿಲ ಮೇಲೆ ಮೈಸೂರು ಪೇಟ ಸುತ್ತಿದ ಫ್ರೆಂಚ್ ನ್ಯಾಯಾಧೀಶರು ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಾರೆ. ನದಿಯಲ್ಲಿ ಒಂದು ಆಫೀಸು ಕುರ್ಚಿ ತನ್ನ ಪಾಡಿಗೆ ತೇಲಿಕೊಂಡು ಬರುತ್ತಿದೆ. "ಇದು ಯಾರ ಕುರ್ಚಿ?" ಎಂದರು ನ್ಯಾಯಾಧೀಶರು. ಯಾರೂ ಮಾತಾಡಲಿಲ್ಲ. "ಹಾಗಾದರೆ ಕೂತವನದು" ಎಂದರು. ನೀರಿನ ಮೇಲೆಲ್ಲ ಚಪ್ಪಾಳೆ ಎದ್ದಿತು.

ಚಪ್ಪಾಳೆ ನಿಜವಾಗಿಯೂ ಎದ್ದಿತ್ತು, ಉಪನ್ಯಾಸ ಮುಗಿದಿತ್ತು. ಈ ಕಾನೂನು ಫ್ರಾನ್ಸಿನ ಕರಾರು ಇದ್ದವರಿಗೆ ಮಾತ್ರ, ಇದಕ್ಕೆ ಇಂತಿಂಥ ಷರತ್ತು ಎಂದೆಲ್ಲ ಆಕೆ ಹೇಳಿದ್ದು ಮುದ್ದುಕೃಷ್ಣ ಕುರ್ಚಿಯ ಹಿಂದೆ ಈಜುತ್ತಿದ್ದ ಹೊತ್ತಿನಲ್ಲಿ. ಎಚ್ಚರವಾದಾಗ ಅವನ ಕೈಯಲ್ಲಿ ಅರ್ಧ ಕಾನೂನು ಇತ್ತು. ಅರ್ಧ ಕಾನೂನು ತಿಳಿದವನಿಗೆ ಇರುವ ಧೈರ್ಯ ಪೂರ್ತಿ ತಿಳಿದವನಿಗೆ ಎಲ್ಲಿಂದ ಬರಬೇಕು?

ಧೈರ್ಯ ಅವನಿಗೆ ಬೇಕೂ ಇತ್ತು. ಅವನ ಕರಾರು ಆ ಗುರುವಾರಕ್ಕೆ ಮುಗಿಯುತ್ತಿತ್ತು. ಕತಾರಿನಲ್ಲಿ ಶುಕ್ರವಾರ, ಶನಿವಾರ ರಜೆ; ಮಾರನೆಯ ಕೆಲಸದ ದಿನ ಎಂದರೆ ಭಾನುವಾರ. ಗೋದಾಮುಗಳ ಕೆಲಸ ಕೊನೆಗೆ ಬಂದು, ಒಬ್ಬೊಬ್ಬರಾಗಿ ಸಹೋದ್ಯೋಗಿಗಳು ಕೇಕು ಕತ್ತರಿಸಿ ಊರಿಗೆ ಹೋಗಿದ್ದರು. ಅವನಿಗೆ ಮಾತ್ರ ಇರು ಎಂದೂ ಯಾರೂ ಹೇಳಿರಲಿಲ್ಲ, ಹೋಗು ಎಂದೂ ಹೇಳಿರಲಿಲ್ಲ. ಮಗಳು ಸಂಜನಾ ಹನ್ನೆರಡನೇ ಕ್ಲಾಸು. ಬೋರ್ಡ್ ಪರೀಕ್ಷೆ ಎದುರಿಗೇ ಇತ್ತು. ಈಗ ಕೆಲಸ ಹೋದರೆ ವೀಸಾ ಹೋಯಿತು, ಮನೆ ಹೋಯಿತು. ಹುಡುಗಿ ಪರೀಕ್ಷೆ ಬರೆಯುವ ಬದಲು ಪೆಟ್ಟಿಗೆ ಕಟ್ಟಬೇಕು.

"ನಮ್ಮದು ಫ್ರೆಂಚ್ ಕಂಪನಿ ಕಣೇ" ಎಂದ ಸಂಜೆ ಅಲ್ ಅಜೀಜಿಯಾದ ಮನೆಯಲ್ಲಿ, ಹೆಂಡತಿ ಹೇಮಲತಾಳಿಗೆ. "ಭಾನುವಾರ ನಾನು ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟರೆ ಆಯ್ತು. ಯಾರೂ ಬೇಡ ಅನ್ನದಿದ್ದರೆ ಕೆಲಸ ಪರ್ಮನೆಂಟು. ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮವರು ಹೇಳಿದ್ದನ್ನೇ ಅವರು ಫ್ರೆಂಚಿನಲ್ಲಿ ಬರೆದುಕೊಂಡಿದಾರೆ."

ಹೇಮಲತಾ ಚಪಾತಿ ತಿರುವಿ ಹಾಕಿದಳು. "ಆ ಮಾತು ನನ್ನ ಹತ್ತಿರ ಎತ್ತಬೇಡಿ. ನೀವು ಹೆಣ್ಣು ನೋಡೋಕೆ ಬಂದಾಗ ನಾನು ತುಟಿ ಬಿಚ್ಚಲಿಲ್ಲ, ನಿಮ್ಮಮ್ಮ ಇದೇ ಶ್ಲೋಕ ಹೇಳಿ ತಾಂಬೂಲ ತಗೊಂಡ್ರು. ನನಗೆ ಅವತ್ತು ಗಂಟಲು ನೋವು ಕಣ್ರೀ!"

"ಆದರೂ ಮದುವೆ ನಿಂತಿದೆಯೋ ಇಲ್ವೋ?"

"ನಿಂತಿದೆ. ಗಂಟಲು ಆಮೇಲೆ ಸರಿಹೋಯ್ತಲ್ಲ, ಅದರ ಬಲದ ಮೇಲೆ ನಿಂತಿದೆ."

ಈ ಸಂಭಾಷಣೆ ಪಕ್ಕದ ಪೋರ್ಷನ್ನಿನ ದುಗ್ಗುವಿಗೆ ಗೋಡೆಯ ಮೂಲಕ ಕೇಳಿಸಿತು. ದುಗ್ಗು ಮೂಲ್ಕಿ ಕಡೆಯ ತುಳುವ, ಎಸಿ ರಿಪೇರಿ ಅವನ ವ್ಯಾಪಾರ. ಜನವರಿಯ ಚಳಿಯಲ್ಲಿ ಎಸಿ ಕೆಡುವುದಿಲ್ಲ. ಆದ್ದರಿಂದ ನೆರೆಯವರ ಸಂಸಾರ ರಿಪೇರಿಗೆ ಅವನಿಗೆ ಬೇಕಾದಷ್ಟು ಪುರುಸೊತ್ತು. ಚಪಾತಿ ತಟ್ಟೆಗೆ ಬೀಳುವುದರೊಳಗೆ ಅವನು ಒಳಗೆ ಬಂದಾಗಿತ್ತು.

"ಒಳ್ಳೆ ಕಾನೂನು ಮಾರಾಯ್ರೆ! ಆದ್ರೆ ಒಂದು ಹೇಳ್ತೇನೆ ಕೇಳಿ. ಗುರುವಾರದ ಒಳಗೆ ಯಾರಾದ್ರೂ 'ನೀವು ಬರುವುದು ಬೇಡ' ಅಂತ ಹೇಳಿದ್ರೆ?"

"ಹೇಳಿದ್ರೆ... ಹೇಳಿದ ಹಾಗೆ ಆಗುತ್ತೆ."

"ಅದೇ! ಹೇಳುವುದಕ್ಕೆ ಬಿಡ್ಬೇಡಿ. ಬಾಯಿ ಅವರದ್ದು, ಅದನ್ನು ಮುಚ್ಚಿಸ್ಲಿಕ್ಕೆ ಆಗುವುದಿಲ್ಲ. ಕಿವಿ ಯಾರದ್ದು? ನಿಮ್ಮದ್ದು!"

ಇಷ್ಟು ಹೇಳಿ ದುಗ್ಗು ಒಂದು ಚಪಾತಿ ತಿಂದು ಹೊರಟುಹೋದ. ಪ್ರಪಂಚದ ದೊಡ್ಡ ದೊಡ್ಡ ಅನಾಹುತಗಳೆಲ್ಲ ಹೀಗೆ, ತಿಂಡಿಗೆಂದು ಬಂದವರ ಸಲಹೆಯಿಂದಲೇ ಶುರುವಾಗುವುದು.

ಮರುದಿನ ಬೆಳಿಗ್ಗೆ ಬಂದರಿನ ಮೇಲೆ ಮಂಜು ಇಳಿದಿತ್ತು. ಕ್ರೇನುಗಳ ತಲೆಗಳು ಮಾತ್ರ ಮೇಲೆ ಕಾಣುತ್ತಿದ್ದವು, ಮೋಡದಲ್ಲಿ ನಿಂತು ಮೇಯುವ ಒಂಟೆಗಳ ಹಾಗೆ. ಮುದ್ದುಕೃಷ್ಣ ನಕ್ಷೆಗಳ ಕೋಣೆಯ ಕಿಟಕಿಯಲ್ಲಿ ಅದನ್ನು ನೋಡುತ್ತ, ಭಾನುವಾರವೂ ಹೀಗೇ ಮಂಜು ಬಿದ್ದರೆ ತಾನು ಬಂದದ್ದು ಯಾರಿಗೂ ಕಾಣಿಸುವುದೇ ಇಲ್ಲವಲ್ಲ ಎಂದು ತೇಲುತ್ತಿದ್ದಾಗ ಬಾಗಿಲು ತೆರೆಯಿತು. ಬಂದವರು ಪ್ರಾಜೆಕ್ಟ್ ಮ್ಯಾನೇಜರ್ ತಿಬೋ ಸಾಹೇಬರು. ಉದ್ದಕ್ಕೆ, ಸಪೂರಕ್ಕೆ, ಸ್ವಲ್ಪ ಬಾಗಿದ ಖರ್ಜೂರದ ಮರದಂಥ ಫ್ರೆಂಚ್ ಮನುಷ್ಯ. ಬೈಯುವಾಗಲೂ 'ದಯವಿಟ್ಟು' ಎಂದು ಶುರು ಮಾಡುವ ಸಭ್ಯ. ಅವರು ಒಳಗೆ ಬಂದು ಬಾಗಿಲು ಹಾಕಿಕೊಂಡರು.

ಕೇಕು ಕತ್ತರಿಸಿ ಹೋದವರಿಗೆಲ್ಲ ಮೊದಲು ಹೀಗೇ ಬಾಗಿಲು ಹಾಕಿಯೇ ಹೇಳಿದ್ದು.

"ಮೊಸ್ಯೂ ಮುದ್ಯೂ" ಎಂದರು ಸಾಹೇಬರು ಮೆಲ್ಲಗೆ, ತಮ್ಮ ಇಂಗ್ಲಿಷಿನಲ್ಲಿ. "ನಿಮ್ಮೊಬ್ಬರಿಗೇ ಒಂದು ವಿಷಯ ಹೇಳಬೇಕು. ಈ ಗುರುವಾರ..."

"ಕೇಳಿಸ್ತಾ ಇಲ್ಲ ಸರ್!" ಎಂದು ಮುದ್ದುಕೃಷ್ಣ ಕೂಗಿದ.

"ಏನು?"

"ಏನು?" ಎಂದ ಇವನೂ.

"ಗುರುವಾರದ ವಿಷಯ!"

"ಕಿವಿ ಸರ್! ಬೆಳಿಗ್ಗೆಯಿಂದ! ಎರಡೂ!" ಎಂದು ಅವನು ಎರಡೂ ಕಿವಿಗಳನ್ನು ಮುಟ್ಟಿ ತೋರಿಸಿ, ಕೈ ಚೆಲ್ಲಿ, ಮಳೆ ನಿಂತ ಮೇಲೂ ಛತ್ರಿ ಹಿಡಿದು ನಿಂತವನ ಹಾಗೆ ಸುಮ್ಮನೆ ನಕ್ಕ.

ತಿಬೋ ಸಾಹೇಬರ ಮುಖ ಬಿಳಿಚಿಕೊಂಡಿತು. ಬಾಗಿಲು ತೆರೆದು ಜರ್ಟ್ರೂಡ್ ಮೇಡಂ ಅವರನ್ನು ಕರೆದರು. ಮೇಡಂ ಬಂದರು, ಮುದ್ದುಕೃಷ್ಣನನ್ನು ಮೇಲಿಂದ ಕೆಳಗೆ ನೋಡಿದರು, ಅವನ ಬೆನ್ನ ಹಿಂದೆ ಹೋಗಿ ದಪ್ಪ ಸ್ಟೇಪ್ಲರ್ ಒಂದನ್ನು ನೆಲಕ್ಕೆ ಬಿಟ್ಟರು. ಮುದ್ದುಕೃಷ್ಣ ಬೆಚ್ಚಲಿಲ್ಲ. ಅಭಿನಯವಲ್ಲ; ಆ ಹೊತ್ತಿಗೆ ಅವನು ಮತ್ತೆ ಕಿಟಕಿಯಾಚೆಯ ಒಂಟೆಗಳ ಜೊತೆಗಿದ್ದ. ಕನಸು ಕಾಣುವವನಿಗೆ ಅರ್ಧ ಕಿವುಡು ಹುಟ್ಟಿನಿಂದಲೇ ಬಂದಿರುತ್ತದೆ.

"ಎಂತ ಸರ್ ಇದು, ನಿನ್ನೆ ಸರಿ ಇದ್ರಲ್ಲ!" ಎಂದರು ಮೇಡಂ.

ಸಾಹೇಬರು ಕಿಟಕಿಯ ಹೊರಗೆ ಕೈ ತೋರಿಸಿದರು. ಅಲ್ಲಿ ವರ್ಷಗಟ್ಟಲೆ ನೆಲಕ್ಕೆ ಕಂಬ ಹೊಡೆದ ದೈತ್ಯ ಸುತ್ತಿಗೆಯಂತ್ರ ನಿಂತಿತ್ತು. "ಸದ್ದು! ಆ ಸದ್ದಿನ ಪಕ್ಕದಲ್ಲೇ ನಾವು ಇವರನ್ನು ಕೂರಿಸಿದ್ದೆವು. ನಮ್ಮ ದೇಶದಲ್ಲಿ ಸದ್ದಿನಿಂದ ಬರುವ ಕಿವುಡು ಕೆಲಸದ ಕಾಯಿಲೆ, ಮದಾಮ್. ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ನಂಬರೇ ಇದೆ. ಹೆಡ್ ಆಫೀಸಿಗೆ ತಿಳಿಸಲೇಬೇಕು."

"ಹಾಗಾದ್ರೆ ಕಿವಿ ಪರೀಕ್ಷೆ ಮಾಡಿಸುವ. ರಿಪೋರ್ಟು ಬಂದ ಕೂಡಲೇ ನಾನು ಪ್ಯಾರಿಸ್ಸಿಗೆ ಕಳಿಸ್ತೇನೆ."

"ಕಳಿಸಿದರೆ ಅವರು ಇವರ ಫೈಲು ತೆಗೆಯುತ್ತಾರೆ" ಎಂದರು ಸಾಹೇಬರು, ಹಲ್ಲುನೋವು ಬಂದವರ ಹಾಗೆ.

ಇದೆಲ್ಲವನ್ನೂ ಅವರು ಮುದ್ದುಕೃಷ್ಣನ ಎದುರಿಗೇ, ಕಪಾಟಿನ ಎದುರು ಮಾತಾಡಿದಷ್ಟು ನಿಶ್ಚಿಂತೆಯಿಂದ ಮಾತಾಡಿದರು. ಮುದ್ದುಕೃಷ್ಣ ಕಪಾಟಿನ ಹಾಗೇ ನಿಂತಿದ್ದ. ಒಳಗೆ ಮಾತ್ರ ಪ್ರಳಯ. ಫೈಲು ತೆಗೆದರೆ ತಾರೀಕು ಕಾಣುತ್ತದೆ. ತಾರೀಕು ಕಂಡರೆ ಯಾರಾದರೂ ಬಾಯಿ ಬಿಡುತ್ತಾರೆ. ಹಾಗೆಂದು 'ಈಗ ಕೇಳಿಸ್ತಿದೆ ಸರ್' ಎಂದರೆ ಸಾಹೇಬರು ಆ ಗುರುವಾರದ ವಿಷಯವನ್ನು ಈಗಲೇ ಹೇಳಿಬಿಡುತ್ತಾರೆ. ಬಹಳ ಯೋಚಿಸಿ ಅವನು ಒಂದು ನಿರ್ಧಾರಕ್ಕೆ ಬಂದ: ಗುರುವಾರ ಸಂಜೆಯವರೆಗೆ ಆಫೀಸಿನಲ್ಲಿ ಕಿವುಡ, ಪರೀಕ್ಷೆಯ ಯಂತ್ರದ ಮುಂದೆ ಮಾತ್ರ ಸೂಜಿ ಬಿದ್ದರೂ ಕೇಳಿಸುವವನು. ಚಾಣಕ್ಯನಿಗೂ ಇಷ್ಟು ಹೊಳೆಯುತ್ತಿತ್ತೋ ಇಲ್ಲವೋ.

ಬುಧವಾರ ತಿಬೋ ಸಾಹೇಬರು ಮತ್ತೆ ಬಂದರು. ಮತ್ತೆ ಬಾಗಿಲು ಹಾಕಿದರು. ಈ ಸಲ ಮಾತಾಡಲಿಲ್ಲ, ಮೂಕಾಭಿನಯ ಮಾಡಿದರು. ಮೊದಲು ಮುದ್ದುಕೃಷ್ಣನ ಎದೆಗೆ ಬೆರಳು ತೋರಿಸಿದರು. ಆಮೇಲೆ ಕುರ್ಚಿಗೆ. ಆಮೇಲೆ ತಮ್ಮ ತುಟಿಯ ಮೇಲೆ ಬೆರಳಿಟ್ಟರು. ಕೊನೆಗೆ ದೂರ, ಬಹುದೂರ ಕೈ ತೋರಿಸಿ, ಎರಡೂ ಅಂಗೈ ಕೆನ್ನೆಗೆ ಹಚ್ಚಿ, ಕಣ್ಣು ಮುಚ್ಚಿದರು. ಇದನ್ನೇ ಇನ್ನೊಮ್ಮೆ, ಇನ್ನಷ್ಟು ಭಾವಪೂರ್ಣವಾಗಿ ಮಾಡಿ, 'ಗೊತ್ತಾಯಿತೇ?' ಎಂಬಂತೆ ಹುಬ್ಬು ಏರಿಸಿದರು. ಮುದ್ದುಕೃಷ್ಣ ಕೈ ಮುಗಿದ. ಅವರಿಗೂ ಏನು ತೋಚಿತೋ, ಕೈ ಮುಗಿದು ಹೋದರು.

ಆ ಸಂಜೆ ಮನೆಯ ಹಾಲಿನಲ್ಲಿ ಮುದ್ದುಕೃಷ್ಣ ಸಾಹೇಬರ ಅಭಿನಯವನ್ನು ಚಾಚೂ ತಪ್ಪದೆ ಮಾಡಿ ತೋರಿಸಿದ. ದುಗ್ಗು, ಅವನ ಹೆಂಡತಿ ಜ್ಯೋತ್ಸ್ನಾ, ಹೇಮಲತಾ ಮೂವರೂ ಸೋಫಾದಲ್ಲಿ ಕೂತು ನೋಡಿದರು.

"ಇದ್ರಲ್ಲಿ ಎಂತ ಉಂಟು ತಿಳೀಲಿಕ್ಕೆ?" ಎಂದ ದುಗ್ಗು. "ನೀವು, ಕುರ್ಚಿ, ಬಾಯಿ ಮುಚ್ಚಿ, ದೂರ ಊರಿಗೆ ಹೋಗಿ ಮಲಗಿ. ಖಲಾಸ್!"

"ಛೆ, ಅಲ್ಲ ಇವ್ರೆ" ಎಂದಳು ಜ್ಯೋತ್ಸ್ನಾ. "ಕುರ್ಚಿಯಲ್ಲಿ ಕೂತು ನಿದ್ದೆ ಮಾಡ್ತೀರಿ, ಅದು ಅಷ್ಟು ದೂರದವರೆಗೆ ಕೇಳ್ತದೆ, ಗೊರಕೆ ನಿಲ್ಲಿಸಿ ಅಂತ ಬೈದದ್ದು."

"ಎರಡೂ ಸರಿ ಇರಬೇಕು" ಎಂದಳು ಹೇಮಲತಾ. ಮತ್ತೆ ಸ್ವಲ್ಪ ತಡೆದು, "ಇನ್ನೊಂದ್ಸಲ ಮಾಡಿ. ಆ ಕಡೇದು, ಮಲಗೋದು. ಅವರ ಮುಖದಲ್ಲಿ ಕೋಪ ಇತ್ತಾ, ದುಃಖ ಇತ್ತಾ?"

ಮುದ್ದುಕೃಷ್ಣ ನೆನಪು ಮಾಡಿಕೊಂಡ. "ಆಸೆ ಇದ್ದ ಹಾಗಿತ್ತು ಕಣೇ" ಎಂದ.

ಯಾರಿಗೂ ಅರ್ಥವಾಗಲಿಲ್ಲ. ಒಳಗಿನ ಕೋಣೆಯಿಂದ ಸಂಜನಾ, "ಅಪ್ಪಾ, ಪ್ಲೀಸ್, ಸ್ವಲ್ಪ ಕ್ವಯಟ್! ಫಿಸಿಕ್ಸ್ ಓದ್ತಾ ಇದೀನಿ" ಎಂದಳು. ನಾಲ್ವರೂ ತುಟಿಯ ಮೇಲೆ ಬೆರಳಿಟ್ಟುಕೊಂಡರು.

ಗುರುವಾರ ಊಟದ ಮೇಲೆ ಕಂಪನಿಯ ಡ್ರೈವರ್ ಮೊಯ್ದಿನ್ ಕುಂಞಿ ಅವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಕಾಸರಗೋಡಿನ ಆ ದೊಡ್ಡ ಮನಸ್ಸಿನ ಮನುಷ್ಯ ದಾರಿಯುದ್ದಕ್ಕೂ ಕಿವಿಯ ಪಕ್ಕ ಬಾಯಿಟ್ಟು, "ಹೆದರ್ಬೇಡಿ! ನಮ್ಮ ಮಾವನಿಗೂ ಹೀಗೇ ಆದದ್ದು! ಆಮೇಲೆ ಮಾಮಿ ಎಷ್ಟು ಬೈದ್ರೂ ಸುಖದಲ್ಲಿದ್ರು!" ಎಂದು ಕೂಗುತ್ತ ಬಂದ. ಕ್ಲಿನಿಕ್ಕು ಮುಟ್ಟುವ ಹೊತ್ತಿಗೆ ಮುದ್ದುಕೃಷ್ಣನ ಒಂದು ಕಿವಿಯಲ್ಲಿ ನಿಜವಾಗಿಯೂ ಗುಂಯ್ ಎನ್ನುತ್ತಿತ್ತು.

ನರ್ಸ್ ಅವನನ್ನು ಗಾಜಿನ ಗೂಡೊಂದರಲ್ಲಿ ಕೂರಿಸಿ, ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿಯೊಂದನ್ನು ಕೊಟ್ಟಳು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು, ಅಷ್ಟೇ ಎಂದು ಕೈಸನ್ನೆ ಮಾಡಿ ಬಾಗಿಲು ಮುಚ್ಚಿದಳು. ಮುದ್ದುಕೃಷ್ಣ ಬೆನ್ನು ನೆಟ್ಟಗೆ ಮಾಡಿ, ಕಿವಿ ನಿಮಿರಿಸಿ, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟ. ಮಗಳ ಪರೀಕ್ಷೆ ತಾನೇ ಬರೆಯುತ್ತಿರುವಷ್ಟು ಏಕಾಗ್ರತೆ.

ಆದರೆ ಅದೆಂಥ ನಿಶ್ಶಬ್ದ! ಕತಾರಿಗೆ ಬಂದಮೇಲೆ ಅಂಥ ನಿಶ್ಶಬ್ದವನ್ನು ಅವನು ಕೇಳಿರಲೇ ಇಲ್ಲ. ಎಸಿಯ ಗುರ್ ಇಲ್ಲ, ಲಾರಿಯ ಹಾರ್ನಿಲ್ಲ, ಸುತ್ತಿಗೆಯ ಧಡ್ ಇಲ್ಲ. ಚಳಿಗಾಲದ ಬೆಳಿಗ್ಗೆ ಅಮ್ಮನ ಹಳೆಯ ಸೀರೆಗಳ ಕೌದಿಯನ್ನು ತಲೆಯವರೆಗೆ ಎಳೆದುಕೊಂಡ ಹಾಗೆ. ಎಲ್ಲೋ ದೂರದಲ್ಲಿ ಒಂದು ಸಣ್ಣ ದನಿ 'ಪೀಂ' ಎಂದಿತು. ಒತ್ತಿದ. ಮತ್ತೊಂದು, ಇನ್ನೂ ಸಣ್ಣದು. ಒತ್ತಿದನೇನೋ. ಮೂರನೆಯದು ಬರುವ ಹೊತ್ತಿಗೆ ಗೂಡಿನ ತುಂಬ ಮಂಜು ತುಂಬಿತ್ತು. ಮಂಜಿನಲ್ಲಿ ಹಡಗುಗಳು ಬರುತ್ತಿದ್ದವು. ಒಂದೊಂದೂ 'ಪೀಂ' ಎಂದು ಕೂಗಿ, ಇಲ್ಲಿ ಜಾಗವಿದೆಯೇ ಎಂದು ಕೇಳುತ್ತಿತ್ತು. ಮುದ್ದುಕೃಷ್ಣ ದಡದಲ್ಲಿ ನಿಂತು ಪ್ರತಿಯೊಂದಕ್ಕೂ ಕೈ ಬೀಸಿ, ಬನ್ನಿ ಬನ್ನಿ, ಎಲ್ಲರಿಗೂ ಜಾಗವಿದೆ ಎನ್ನುತ್ತಿದ್ದ. ಕೈ ಬೀಸುವ ಸಡಗರದಲ್ಲಿ ಗುಂಡಿ ಒತ್ತುವುದು ಯಾರಿಗೆ ನೆನಪು?

ಡಾಕ್ಟರು ರಿಪೋರ್ಟು ನೋಡಿ ದಂಗಾದರು. "ಎರಡೂ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿದೆ. ನನ್ನ ಸರ್ವೀಸಿನಲ್ಲೇ ಇಂಥ ಕೇಸು ಕಂಡಿಲ್ಲ. ಆದರೆ ಇವರ ಮುಖದ ಶಾಂತಿ ನೋಡಿ!" ಎಂದು ನರ್ಸಿಗೆ ಹೇಳಿ, ರಿಪೋರ್ಟನ್ನು ನೇರವಾಗಿ ಜರ್ಟ್ರೂಡ್ ಮೇಡಂಗೆ ಈ-ಮೇಲ್ ಮಾಡಿಸಿದರು.

ಶುಕ್ರವಾರ ಅಲ್ ಅಜೀಜಿಯಾದ ಆ ಮನೆಯಲ್ಲಿ ಜಾತ್ರೆ. ಮೊಯ್ದಿನ್ ಕುಂಞಿಯ ಬಾಯಿಯಿಂದ ಸುದ್ದಿ ಬಂದರಿನಿಂದ ಕತಾರಿನ ಆ ತುದಿಯ ದುಖಾನ್ ಊರಿನವರೆಗೆ ಹರಡಿತ್ತು. ಕನ್ನಡದವರು, ತುಳುವರು, ಮಲಯಾಳಿಗಳು ಎಲ್ಲರೂ ಬಂದರು. ಬಂದವರೆಲ್ಲ ಕೂಗಿದರು. ಒಬ್ಬರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಂದರು, ಒಬ್ಬರು ಓಮದ ಗಂಟು ತಂದರು. ದುಗ್ಗು ಬಾಗಿಲಲ್ಲಿ ನಿಂತು, "ಇದು ಸಾಧಾರಣ ಕಿವುಡಲ್ಲ ಮಾರಾಯ್ರೆ, ಫ್ರೆಂಚ್ ಕಿವುಡು! ಅದಕ್ಕೆ ಅಲ್ಲಿ ನಂಬರು ಉಂಟು!" ಎಂದು ಹೆಮ್ಮೆಯಿಂದ ವಿವರಿಸಿ ಒಳಗೆ ಬಿಡುತ್ತಿದ್ದ. ಒಬ್ಬ ಹಿರಿಯರು ಮುದ್ದುಕೃಷ್ಣನ ಕೈ ಹಿಡಿದು ಕಣ್ಣೀರು ಹಾಕಿದರು. ಅವನಿಗೂ ತನ್ನ ಕಿವಿಗಳ ಬಗ್ಗೆ ಅಳು ಬಂತು.

ಎಲ್ಲರೂ ಹೋದ ಮೇಲೆ ಹೇಮಲತಾ ಅವನ ಕಿವಿಯಿಂದ ಬೆಳ್ಳುಳ್ಳಿ ಎಣ್ಣೆ ಒರೆಸುತ್ತ ಕೂತಳು. ಈ ಸಲ ತಮಾಷೆ ಮಾಡಲಿಲ್ಲ.

"ರಿಪೋರ್ಟು ಯಾವಾಗ ಕಳಿಸ್ತಾರಂತೆ?"

"ಮೇಡಂ ಭಾನುವಾರ ಆಫೀಸಿಗೆ ಬಂದ ತಕ್ಷಣ."

"ಕಳಿಸಿದರೆ?"

"ಫೈಲು ತೆಗೀತಾರೆ."

ಅವಳು ಒರೆಸಿದ ಕಿವಿಯನ್ನೇ ಮತ್ತೆ ಒರೆಸಿದಳು. "ಆ ಮಗು ಎರಡು ವರ್ಷದಿಂದ ಓದ್ತಾ ಇದೆ ಕಣ್ರೀ. ನೀವು ಹೋಗಿ. ಹೋಗಿ ಕೂತ್ಕೊಳ್ಳಿ. ಏನಾದ್ರೂ ಆಗಲಿ, ಕೂತ್ಕೊಳ್ಳಿ."

ಭಾನುವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೊಯ್ದಿನ್ ಕುಂಞಿ ವ್ಯಾನನ್ನು ನೆನಪಿನ ಮೇಲೆಯೇ ಓಡಿಸಿದ. ಬಂದರಿನ ದಾರಿ, ದೀಪದ ಕಂಬ, ಗೋದಾಮುಗಳು ಎಲ್ಲ ಅಳಿಸಿಹೋಗಿ, ಬಿಳಿಯ ಕಾಗದದ ಮೇಲೆ ಆಫೀಸಿನ ಕ್ಯಾಬಿನ್ ಒಂದು ಮಾತ್ರ ಯಾರೋ ಪೆನ್ಸಿಲಿನಲ್ಲಿ ಬರೆದು ಬಿಟ್ಟ ಹಾಗಿತ್ತು. ಮುದ್ದುಕೃಷ್ಣ ಚಪ್ಪಲಿಯ ಸದ್ದಾಗದಂತೆ ಒಳಗೆ ಬಂದ. ದೀಪ ಹಾಕಲಿಲ್ಲ. ತನ್ನ ಕುರ್ಚಿಯ ಹತ್ತಿರ ಹೋಗಿ, ಹೊಸ ಮನೆಯ ಹೊಸ್ತಿಲು ದಾಟುವವನಂತೆ ಬಲಗಾಲು ಮುಂದಿಟ್ಟು ಕೂತ.

ಕೂತಮೇಲೆ ಗೊತ್ತಾಯಿತು: ತೆರೆದ ಬಾಗಿಲಿನಾಚೆ, ಎದುರಿನ ಗಾಜಿನ ಕೋಣೆಯಲ್ಲಿ, ಕತ್ತಲಲ್ಲೇ, ಇನ್ನೊಬ್ಬರು ಕೂತಿದ್ದಾರೆ.

ತಿಬೋ ಸಾಹೇಬರು! ಕೋಟು ಹಾಕಿಕೊಂಡು, ಎರಡೂ ಕೈ ಮೇಜಿನ ಮೇಲಿಟ್ಟು, ಬಸ್ಸು ಬರುತ್ತದೋ ಇಲ್ಲವೋ ತಿಳಿಯದೆ ಸ್ಟಾಪಿನಲ್ಲಿ ಕೂತ ಪ್ರಯಾಣಿಕನ ಹಾಗೆ. ಇವನನ್ನು ಕಂಡು ಅವರು ಬೆಚ್ಚಿದರು. ಆಮೇಲೆ ಅವರ ಮುಖ ಅರಳಿತು. ಎದ್ದು ಬಂದು, ಒಂದು ಲೋಟ ಕಾಫಿ ತಂದುಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಕಿವಿ ಕೇಳದವರ ಎದುರು ಮಾತ್ರ ಮನುಷ್ಯ ಮಾತಾಡಬಲ್ಲ ಹಾಗೆ ನಿಧಾನವಾಗಿ ಮಾತಾಡತೊಡಗಿದರು.

"ನೀವು ಬಂದಿರಿ. ನನ್ನ ಅಭಿನಯ ನಿಮಗೆ ಅರ್ಥವಾಯಿತು. ಶಾಲೆಯಲ್ಲಿ ನಾಟಕದ ಮೇಷ್ಟ್ರು ನನ್ನನ್ನು ಮರದ ಪಾತ್ರಕ್ಕೆ ಹಾಕಿದ್ದರು, ಗೊತ್ತೇ? ಅವರು ಇವತ್ತು ಇರಬೇಕಾಗಿತ್ತು." ಸಾಹೇಬರು ಕಾಫಿ ಕುಡಿದರು. "ಮೊಸ್ಯೂ ಮುದ್ಯೂ, ನನ್ನ ಅವಧಿಯೂ ಗುರುವಾರವೇ ಮುಗಿಯಿತು. ಪ್ಯಾರಿಸ್ಸಿನವರು ನಮ್ಮಿಬ್ಬರನ್ನೂ ಮರೆತಿದ್ದಾರೆ. ನನಗೆ ಐವತ್ತೆಂಟು ವರ್ಷ; ಹೋದರೆ ಅಲ್ಲಿ ಯಾರು ಕೆಲಸ ಕೊಡುತ್ತಾರೆ? ಅದನ್ನೇ ನಿಮಗೆ ಹೇಳಲು ಬಂದಿದ್ದೆ. ಭಾನುವಾರ ಬನ್ನಿ, ನಿಮ್ಮ ಕುರ್ಚಿಯಲ್ಲಿ ಕೂರಿ, ಯಾರಿಗೂ ಹೇಳಬೇಡಿ, ಅಲ್ಲಿ ಪ್ಯಾರಿಸ್ಸಿನವರಿಗೆ ಭಾನುವಾರ ರಜೆ, ಮಲಗಿರುತ್ತಾರೆ. ಇಂಥದ್ದನ್ನು ಬರೆದು ಹೇಳಲಾಗುವುದಿಲ್ಲ, ಬರೆದರೆ ಸಾಕ್ಷಿ."

ಮುದ್ದುಕೃಷ್ಣ ಕಾಫಿಯ ಲೋಟವನ್ನು ಕೆಳಗಿಟ್ಟ. ಇಷ್ಟು ದಿನ ಅವನು ಯಾವ ಮಾತಿನಿಂದ ಓಡಿ ಓಡಿ ತಪ್ಪಿಸಿಕೊಂಡಿದ್ದನೋ ಆ ಮಾತು 'ಇರು' ಎಂಬುದಾಗಿತ್ತು.

"ಆದರೆ ಈಗ ನಿಮ್ಮ ಕಿವಿ" ಎಂದರು ಸಾಹೇಬರು, ಅವನ ಕಿವಿಗಳನ್ನು ಮರುಕದಿಂದ ನೋಡುತ್ತ. "ಮದಾಮ್ ಈಗ ಬರುತ್ತಾರೆ. ರಿಪೋರ್ಟು ಕಳಿಸುತ್ತಾರೆ. ಅದು ಅವರ ಕರ್ತವ್ಯ. ನಾಳೆ ಬೆಳಿಗ್ಗೆ ಅಲ್ಲಿ ನಿಮ್ಮ ಫೈಲು ತೆಗೆಯುತ್ತಾರೆ. ಅದರ ಪಕ್ಕದಲ್ಲೇ ನನ್ನದೂ ಇದೆ. ಪಾಪ, ನಿಮ್ಮ ತಪ್ಪೇನಿಲ್ಲ."

ಹೇಳಬೇಕು, ಈಗಲೇ ಹೇಳಿಬಿಡಬೇಕು ಎಂದು ಮುದ್ದುಕೃಷ್ಣ ಬಾಯಿ ತೆರೆದ. ಏನೆಂದು ಹೇಳುವುದು? ಕಿವಿ ಸರಿಯಿದೆ, ಸುಳ್ಳು ಹೇಳಿದ್ದೆ ಎಂದೇ? ಅವನು ಬಾಯಿ ತೆರೆದುಕೊಂಡೇ ಇದ್ದಾಗ ಹೊರಬಾಗಿಲು ಸದ್ದು ಮಾಡಿತು. ಜರ್ಟ್ರೂಡ್ ಮೇಡಂ ಬಂದರು. ದೀಪ ಹಾಕಿದರು.

ಇಬ್ಬರು ಗಂಡಸರು ತುಂಟತನ ಮಾಡಿ ಸಿಕ್ಕಿಬಿದ್ದ ಹುಡುಗರ ಹಾಗೆ ಎದ್ದು ನಿಂತರು. ಮೇಡಂ ಸಾಹೇಬರನ್ನು ನೋಡಿದರು. ಮುದ್ದುಕೃಷ್ಣನನ್ನು ನೋಡಿದರು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಇಬ್ಬರ ತಾರೀಕೂ ಅವರಿಗೆ ಬಾಯಿಪಾಠ. ಅವರಿಗೆ ಗೊತ್ತಿಲ್ಲದ್ದು ಆ ಕಚೇರಿಯಲ್ಲಿ ಏನಿತ್ತು? 'ನಿಮ್ಮ ಅವಧಿ ಮುಗಿಯಿತು, ಹೊರಡಿ' ಎನ್ನುವ ಅಧಿಕಾರ ಆ ಬೆಳಿಗ್ಗೆ ಇಡೀ ಕತಾರಿನಲ್ಲಿ ಅವರೊಬ್ಬರಿಗೇ ಇತ್ತು.

ಅವರು ಏನೂ ಹೇಳಲಿಲ್ಲ. ಹಾಲಿನ ಆ ತುದಿಯ ತಮ್ಮ ಮೇಜಿಗೆ ಹೋಗಿ, ಬ್ಯಾಗು ಇಟ್ಟು, ಕಂಪ್ಯೂಟರು ತೆರೆದರು. ಪರದೆಯ ಮೇಲೆ ಕ್ಲಿನಿಕ್ಕಿನ ರಿಪೋರ್ಟು. ಅದನ್ನು ಪ್ಯಾರಿಸ್ಸಿನ ವಿಳಾಸಕ್ಕೆ ಜೋಡಿಸಿದರು. ಕೈ ಮೌಸಿನ ಮೇಲೆ ಹೋಯಿತು. ತಿಬೋ ಸಾಹೇಬರು ಕಣ್ಣು ಮುಚ್ಚಿಕೊಂಡರು.

ಆಗ ಜರ್ಟ್ರೂಡ್ ಮೇಡಂ ತಲೆ ಎತ್ತದೆ, ಪರದೆಯನ್ನೇ ನೋಡುತ್ತ, ತಮ್ಮ ಮೇಜಿಗಷ್ಟೇ ಹೇಳಿದ ಹಾಗೆ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಕನ್ನಡದಲ್ಲಿ ಹೇಳಿದರು: "ಮುದ್ದುಕೃಷ್ಣ, ಏಳನೇ ಗೋದಾಮಿನ ಒಳಚರಂಡಿ ನಕ್ಷೆ ಒಮ್ಮೆ ತನ್ನಿ."

"ತಂದೆ ಮೇಡಂ!" ಎಂದ ಮುದ್ದುಕೃಷ್ಣ.

ದನಿ ಇಡೀ ಕ್ಯಾಬಿನ್ನಿಗೆ ಕೇಳಿಸಿತು. ತಿಬೋ ಸಾಹೇಬರು ಕಣ್ಣು ತೆರೆದು, ಅವನ ಬಾಯಿಯನ್ನೂ ಕಿವಿಯನ್ನೂ ಸರದಿಯಂತೆ ನೋಡಿದರು. ತಾವು ಈ ಮನುಷ್ಯನ ಎದುರು ಇದುವರೆಗೆ ಏನೇನು ಹೇಳಿಕೊಂಡೆವು ಎಂಬುದು ನೆನಪಾಗಿ ಅವರ ಮುಖ ನಿಧಾನವಾಗಿ ಕೆಂಪಾಯಿತು.

ಮೇಡಂ ಮೌಸಿನಿಂದ ಕೈ ತೆಗೆದರು. "ಕಿವಿ ಸರಿ ಉಂಟಲ್ಲ, ಸರ್! ಆ ರಿಪೋರ್ಟಿನಲ್ಲಿ ಎಂತದೋ ತಪ್ಪಾಗಿದೆ. ತಪ್ಪು ರಿಪೋರ್ಟು ಹೆಡ್ ಆಫೀಸಿಗೆ ಕಳಿಸುವ ಹಾಗಿಲ್ಲ. ಇನ್ನೊಮ್ಮೆ ಪರೀಕ್ಷೆ ಮಾಡಿಸುವ, ಈ ಸಲ ಊಟಕ್ಕೆ ಮೊದಲು."

ಮುದ್ದುಕೃಷ್ಣ ನಕ್ಷೆ ತಂದು ಅವರ ಮೇಜಿನ ಮೇಲೆ ಹರಡಿದ. "ಮೇಡಂ" ಎಂದ ಬಹಳ ಸಣ್ಣ ದನಿಯಲ್ಲಿ, "ಆ ಫ್ರೆಂಚ್ ಕಾನೂನು... ನನಗೂ ಅನ್ವಯ ಆಗುತ್ತಾ?"

"ನಿಮ್ಮ ಫ್ರೆಂಚ್ ಕಾನೂನು ಸಮುದ್ರದ ಆಚೆ ಇರ್ಲಿ ಮಾರಾಯ್ರೆ. ಇಲ್ಲಿನ ಕಾನೂನಿನಲ್ಲೂ ಸುಮಾರು ಹಾಗೇ ಉಂಟು. ಅವಧಿ ಮುಗಿದ ಮೇಲೂ ಇಬ್ಬರೂ ಸುಮ್ಮನೆ ಮುಂದುವರಿಸಿದ್ರೆ ಕರಾರು ಮುಂದುವರಿದ ಹಾಗೇ. ಬಂದು ನನ್ನ ಹತ್ತಿರ ಒಂದು ಮಾತು ಕೇಳಿದ್ರೆ ಆಗ್ತಿತ್ತು."

"ಕೇಳಿದ್ರೆ ನೀವು ಬೇಡ ಅಂದುಬಿಡ್ತೀರೇನೋ ಅಂತ..."

"ನನಗೆ ಯಾರೂ ಎಂತದೂ ಹೇಳಿಲ್ಲ. ಹೇಳದ್ದನ್ನು ನಾನು ನಿಮಗೆ ಹೇಗೆ ಹೇಳುವುದು?" ಎಂದು ಮೇಡಂ ಇಂಗ್ಲಿಷಿಗೆ ತಿರುಗಿದರು. "ಸರ್, ಈ ನಕ್ಷೆಗೆ ನಿಮ್ಮ ಸಹಿ ಬೇಕು. ಕೆಳಗೆ ತಾರೀಕು ಹಾಕಿ. ಇವತ್ತಿನ ತಾರೀಕು."

ತಿಬೋ ಸಾಹೇಬರು ಪೆನ್ನಿಗಾಗಿ ಕೋಟಿನ ಎಲ್ಲ ಜೇಬುಗಳನ್ನೂ ತಡಕಿದರು. ಮುದ್ದುಕೃಷ್ಣ ತನ್ನದನ್ನು ಕೊಟ್ಟ. ಅವರು ಬಾಗಿ, ಮಗ್ಗಿ ಬರೆಯುವ ಹುಡುಗನಷ್ಟು ಶ್ರದ್ಧೆಯಿಂದ ಸಹಿ ಹಾಕಿದರು, ತಾರೀಕು ಬರೆದರು, ಶಾಯಿ ಆರಲೆಂದು ಮೆಲ್ಲಗೆ ಊದಿದರು. ಇಬ್ಬರೂ ತಮ್ಮ ಅವಧಿ ದಾಟಿ ಬಂದ ಆ ತಾರೀಕನ್ನು, ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡುವ ಹಾಗೆ ನೋಡುತ್ತ ನಿಂತರು.

ಆಮೇಲೆ ಮುದ್ದುಕೃಷ್ಣ ತನ್ನ ಕುರ್ಚಿಗೆ ಹೋಗಿ ಕೂತ. ಈ ಸಲ ಪೂರ್ತಿ ಬೆನ್ನು ಕೊಟ್ಟು ಕೂತ. ಕಿಟಕಿಯಾಚೆ ಮಂಜು ಕರಗಿ ಒಂದೊಂದೇ ಕ್ರೇನು ಕಾಲು ಪಡೆಯುತ್ತಿತ್ತು. ಅವನ ರೆಪ್ಪೆಗಳು ಹಗುರವಾಗಿ ಇಳಿದವು.

"ಕೂತ್ರೆ ಸಾಲದು ಮಾರಾಯ್ರೆ" ಎಂದರು ಆ ತುದಿಯಿಂದ ಜರ್ಟ್ರೂಡ್ ಮೇಡಂ. "ಕೆಲಸ ಮಾಡ್ಬೇಕು ಅಂತ ಉಂಟು ಕಾನೂನಿನಲ್ಲಿ."